ಲಾಠಿ ಇಲ್ಲದ ಕಾನೂನು

ಕಳೆದ ಸಂಚಿಕೆಯ ಮುಖಪುಟ ಲೇಖನ ಓದಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ತಿರುಳು ಇಷ್ಟು:

"ನಿಮ್ಮ ಲೇಖನದಲ್ಲಿ 'ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ' ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ನಾನು ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವನು. ನನಗೆ ಗೊತ್ತಿರುವ ಕಾನೂನಿಗೆ ಒಂದು ಠಾಣೆ ಇರುತ್ತದೆ, ಒಂದು ಲಾಠಿ ಇರುತ್ತದೆ, ಒಂದು ಲಾಕಪ್ ಇರುತ್ತದೆ. ನೀವು ಹೇಳುವ ಕಾನೂನಿಗೆ ಇದ್ಯಾವುದೂ ಇಲ್ಲ. ಆಸ್ಪತ್ರೆ ಮೇಲೆ ಬಾಂಬ್ ಬೀಳುತ್ತದೆ. ಹೇಗ್ ನಗರದಲ್ಲಿ ಯಾರೋ ಗೌನ್ ಹಾಕಿಕೊಂಡು ಆದೇಶ ಓದುತ್ತಾರೆ. ಮರುದಿನ ಮತ್ತೆ ಬಾಂಬ್ ಬೀಳುತ್ತದೆ. ಇದನ್ನು ಕಾನೂನು ಅನ್ನುವುದು ಓದುಗರಿಗೆ ಮಾಡುವ ಮೋಸ ಅಲ್ವಾ? ಕೊನೆಗೊಂದು ಪ್ರಶ್ನೆ. ಆ ಹೇಗ್‌ನವರು ಹೊರಡಿಸುವ ವಾರಂಟಿಗೆ ಅವಧಿ ಎಷ್ಟು?"

ಸರ್, ನಮಸ್ಕಾರ.

ಪತ್ರ ಓದಿದ ಕೂಡಲೇ ಲೇಖನವನ್ನು ಮುಂದಿಟ್ಟುಕೊಂಡು, ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಎಣಿಸಿದೆ. ಹನ್ನೊಂದಲ್ಲ, ಒಂಬತ್ತು. ಒಂಬತ್ತೂ ಜಾಸ್ತಿಯೇ, ಒಪ್ಪಿದೆ. ಎಣಿಸುವಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ವಿಚಾರಣೆ ಮುಗಿದು ತೀರ್ಪು ಬಂದೇಬಿಟ್ಟಿದೆ ಅನ್ನುವ ಹಾಗೆ ಎರಡು ಕಡೆ "ಯುದ್ಧಾಪರಾಧ" ಎಂದು ಬರೆದುಬಿಟ್ಟಿದ್ದೇವೆ. ನೀವು ಅದನ್ನು ಎತ್ತಿಲ್ಲ. ಪೊಲೀಸರಾಗಿದ್ದವರು ಎತ್ತಬೇಕಿತ್ತು! ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಈ ಕಾನೂನಿನ ಕಷ್ಟ ಶುರುವಾಗುವುದು ಲಾಠಿ ಇಲ್ಲ ಅನ್ನುವುದಕ್ಕೂ ಬಹಳ ಮೊದಲೇ.

ಆಸ್ಪತ್ರೆ ಮೇಲೆ ಬಾಂಬ್ ಎಂದಿರಿ. ಒಂದು ಆಸ್ಪತ್ರೆಯನ್ನೇ ತೆಗೆದುಕೊಳ್ಳೋಣ. 2015ರ ಅಕ್ಟೋಬರ್ 3, ನಡುರಾತ್ರಿ ಕಳೆದ ಹೊತ್ತು. ಅಫ್ಘಾನಿಸ್ತಾನದ ಕುಂದೂಜ್ ನಗರ. ಕೆಲವೇ ದಿನಗಳ ಹಿಂದೆ ತಾಲಿಬಾನ್ ನಗರದೊಳಗೆ ನುಗ್ಗಿತ್ತು. ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆ ಅಲ್ಲಿ ಗಾಯಾಳುಗಳ ಆಸ್ಪತ್ರೆ ನಡೆಸುತ್ತಿತ್ತು. ಆಸ್ಪತ್ರೆ ಎಲ್ಲಿದೆ ಅನ್ನುವುದನ್ನು ಜಿಪಿಎಸ್ ಅಂಕಿಗಳ ಸಮೇತ ಅಮೆರಿಕದ ಸೇನೆಗೂ ಅಫ್ಘನ್ ಸರ್ಕಾರಕ್ಕೂ ಮೊದಲೇ ತಿಳಿಸಿತ್ತು. ಆ ರಾತ್ರಿ ಅಮೆರಿಕದ ಎಸಿ-130 ವಿಮಾನ ಬೇರೊಂದು ಕಟ್ಟಡವನ್ನು ಹುಡುಕಿಕೊಂಡು ಬಂತು. ವಿಮಾನ ತರಾತುರಿಯಲ್ಲಿ ಹೊರಟಿತ್ತು. ಹೊಡೆಯಬಾರದ ಜಾಗಗಳ ಪಟ್ಟಿ ಸಿಬ್ಬಂದಿಯ ಹತ್ತಿರ ಇರಲಿಲ್ಲ. ಕ್ಷಿಪಣಿಯ ಭಯಕ್ಕೆ ವಿಮಾನ ದೂರ ಸರಿದಿತ್ತು, ಹಾಗಾಗಿ ಗುರಿ ತೋರಿಸುವ ಯಂತ್ರ ಖಾಲಿ ಬಯಲೊಂದನ್ನು ತೋರಿಸಿತು. ಸುತ್ತಮುತ್ತ ದೊಡ್ಡ ಕಟ್ಟಡ ಯಾವುದಿದೆ ಎಂದು ನೋಡಿದರು. ಕೆಳಗಿನಿಂದ ಬಂದಿದ್ದ ವಿವರಣೆಗೆ ಹೊಂದುವಂತೆ ಒಂದು ಕಂಡಿತು. ಅದು ಆಸ್ಪತ್ರೆ. ಮೇಲಿನಿಂದ ಗುಂಡು ಸುರಿಯುತ್ತಿರುವಾಗಲೇ ಆಸ್ಪತ್ರೆಯ ಕಡೆಯವರು ಸೇನೆಗೆ ಫೋನ್ ಮೇಲೆ ಫೋನ್ ಮಾಡಿದರು. 42 ಮಂದಿ ಸತ್ತರು. ಎದ್ದು ಓಡಲಾಗದ ರೋಗಿಗಳು ಹಾಸಿಗೆಯಲ್ಲೇ ಸುಟ್ಟುಹೋದರು.

ಈಗ ಈ ಕೇಸನ್ನು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಕೊಲೆಗೂ ಅಜಾಗರೂಕತೆಯಿಂದ ಆದ ಸಾವಿಗೂ ಇರುವ ವ್ಯತ್ಯಾಸ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಮೆರಿಕದ ಸೇನೆ ತನಿಖೆಯನ್ನು ತಾನೇ ಮಾಡಿತು. 16 ಮಂದಿಯ ಮೇಲೆ ಶಿಸ್ತುಕ್ರಮ ಆಯಿತು. ಕ್ರಿಮಿನಲ್ ಕೇಸು ಒಬ್ಬರ ಮೇಲೂ ಇಲ್ಲ. ಆಸ್ಪತ್ರೆ ಎಂದು ಗೊತ್ತಿದ್ದು ಹೊಡೆದದ್ದಲ್ಲ, ಆದ್ದರಿಂದ ಯುದ್ಧಾಪರಾಧವಲ್ಲ ಅನ್ನುವುದು ಅವರ ಮಾತು. ಗೊತ್ತುಮಾಡಿಕೊಳ್ಳುವ ಗೋಜಿಗೇ ಹೋಗದೆ ಹೊಡೆದರೆ ಅದೇನು? ಕಾನೂನು ಬಲ್ಲವರು ಇವತ್ತಿಗೂ ಇದರ ಮೇಲೆ ಜಗಳ ಆಡುತ್ತಾರೆ.

ಹೊರಗಿನವರು ತನಿಖೆ ಮಾಡಲಿ ಎಂದು ಎಂಎಸ್‌ಎಫ್ ಕೇಳಿತು. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಪ್ರೊಟೊಕಾಲ್ ಪ್ರಕಾರ ಇಂಥದ್ದಕ್ಕೆ ಅಂತಲೇ ಒಂದು ಸತ್ಯಶೋಧನಾ ಆಯೋಗ ಇದೆ. ಆದರೆ ಅದು ಕುಂದೂಜ್‌ಗೆ ಹೋಗಬೇಕಾದರೆ ಅಮೆರಿಕ, ಅಫ್ಘಾನಿಸ್ತಾನ ಎರಡೂ ಒಪ್ಪಬೇಕಿತ್ತು. ಆ ಒಪ್ಪಿಗೆ ಬರಲೇ ಇಲ್ಲ. ಆರೋಪಿ ಸಹಿ ಹಾಕಿದರೆ ಮಾತ್ರ ತನಿಖೆ ಎಂಬ ಠಾಣೆಯಲ್ಲಿ ನೀವು ಮೂವತ್ತೆರಡು ವರ್ಷ ಕೂತಿದ್ದರೆ ಹೇಗಿರುತ್ತಿತ್ತು, ಹೇಳಿ.

ಇನ್ನೊಂದು ವಿಷಯ. ಯುದ್ಧದಲ್ಲಿ ನಾಗರಿಕರು ಸಾಯಲೇಬಾರದು ಎಂದು ಈ ಕಾನೂನು ಹೇಳುವುದಿಲ್ಲ. ಬಹಳ ಜನ ಹಾಗೆಂದುಕೊಂಡಿದ್ದಾರೆ, ನಮ್ಮ ಲೇಖನವೂ ಹಾಗೇ ಅನಿಸುವಂತೆ ಇತ್ತು. ಅದು ಹೇಳುವುದು ಮುಖ್ಯವಾಗಿ ಎರಡು ಮಾತು. ನಾಗರಿಕರನ್ನೇ ಗುರಿ ಮಾಡಬೇಡ. ಸೇನೆಯ ಗುರಿಗೆ ಹೊಡೆಯುವಾಗ ನಾಗರಿಕರಿಗೆ ಆಗುವ ಹಾನಿ, ಅದರಿಂದ ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ವಿಪರೀತ ಆಗಕೂಡದು. ಈ ತಕ್ಕಡಿ ಹಿಡಿದವನು ಯಾರು? ದಾಳಿಗೆ ಅಪ್ಪಣೆ ಕೊಡುವ ಕಮಾಂಡರ್. ತೂಕದ ಕಲ್ಲು ಯಾರದ್ದು? ಅವನದ್ದೇ. ಆ ಕ್ಷಣದಲ್ಲಿ ಅವನಿಗೆ ಏನು ಗೊತ್ತಿತ್ತು ಅನ್ನುವ ಕಾಗದ ಎಲ್ಲಿದೆ? ಅವನ ಸೇನೆಯ ಬೀರುವಿನಲ್ಲಿ. ಹೊರಗೆ ನಿಂತವರಿಗೆ ಕಾಣುವುದು ಕುಸಿದ ಕಟ್ಟಡ ಮಾತ್ರ. ಕುಸಿದ ಕಟ್ಟಡ ಸಾವನ್ನು ತೋರಿಸುತ್ತದೆ. ಹೊಡೆದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ತೋರಿಸುವುದಿಲ್ಲ. ಹಾಗಾಗಿ ಪತ್ರಿಕೆಯವರು "ಯುದ್ಧಾಪರಾಧ" ಎಂದು ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಒಂದು ನಿಮಿಷ ಯೋಚಿಸಬೇಕು. ನಾವು ಯೋಚಿಸಲಿಲ್ಲ.

ಇನ್ನು ನಿಮ್ಮ ಲಾಠಿಗೆ ಬರುತ್ತೇನೆ.

1949ರ ನಾಲ್ಕು ಜಿನೀವಾ ಒಪ್ಪಂದಗಳಿಗೆ ಜಗತ್ತಿನ ಎಲ್ಲ ದೇಶಗಳೂ ಸೇರಿವೆ. ಒಪ್ಪಂದದ ಮೊದಲನೇ ಕಲಮಿನಲ್ಲೇ "ನಾವು ಪಾಲಿಸುತ್ತೇವೆ, ಉಳಿದವರೂ ಪಾಲಿಸುವಂತೆ ನೋಡಿಕೊಳ್ಳುತ್ತೇವೆ" ಅನ್ನುವ ಅರ್ಥದ ಮಾತಿದೆ. ಅಂದರೆ ಲಾಠಿಯನ್ನು ದೇಶಗಳ ಕೈಯಲ್ಲೇ ಬಿಟ್ಟರು, ಹೊರಗಿನ ಯಾವ ಸಂಸ್ಥೆಗೂ ಕೊಡಲಿಲ್ಲ. ಮೊದಲು ನಿಮ್ಮ ನಿಮ್ಮ ಸೈನಿಕರನ್ನು ನೀವೇ ನೋಡಿಕೊಳ್ಳಿ ಎಂದರು. ನೋಡಿಕೊಂಡದ್ದು ಹೇಗೆ? ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರನ್ನು ಸಾಲಾಗಿ ಕೊಂದರು. ವಿಯೆಟ್ನಾಂನ ಲೆಕ್ಕದಲ್ಲಿ ಸತ್ತವರು 504. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ. ಜೀವಾವಧಿ ಎಂದು ಕೋರ್ಟ್ ಹೇಳಿತು. ಮೂರೂವರೆ ವರ್ಷದ ಹತ್ತಿರ, ಅದೂ ಹೆಚ್ಚಿನ ಪಾಲು ಗೃಹಬಂಧನದಲ್ಲಿ ಕಳೆದು ಹೊರಗೆ ಬಂದ.

ಅದೇ ದಿನ, ಅದೇ ಹಳ್ಳಿಯಲ್ಲಿ ಇನ್ನೊಬ್ಬನಿದ್ದ. ಹ್ಯೂ ಥಾಂಪ್ಸನ್, ಹೆಲಿಕಾಪ್ಟರ್ ಪೈಲಟ್. ತನ್ನದೇ ಸೈನಿಕರಿಗೂ ಓಡುತ್ತಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಇವರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಎಂದು ತನ್ನ ಇಬ್ಬರು ಸಿಬ್ಬಂದಿಗೆ ಹೇಳಿ ಕೆಳಗಿಳಿದ. ಆ ದಿನ ಮೈ ಲಾಯ್‌ನಲ್ಲಿ ಕಾನೂನನ್ನು ಜಾರಿ ಮಾಡಿದ್ದು ಆ ಮೂವರು. ಸೇನೆ ಅವರಿಗೆ ಇದಕ್ಕಾಗಿ ಪದಕ ಕೊಟ್ಟದ್ದು 1998ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ. ಮೂವರಲ್ಲಿ ಒಬ್ಬ ಅಷ್ಟರಲ್ಲಿ ಬದುಕಿರಲಿಲ್ಲ.

ದೇಶಗಳ ಮೇಲೆ ದೇಶಗಳು ದೂರು ಕೊಡುವ ಜಾಗ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ. ಅದರ ಪಾಡು ನೀವು ಬರೆದ ಹಾಗೇ ಇದೆ. ನಿಕರಾಗುವಾದ ಬಂದರುಗಳಲ್ಲಿ ಸ್ಫೋಟಕ ಹುದುಗಿಸಿದ್ದು, ಬಂಡುಕೋರರಿಗೆ ಹಣ, ಆಯುಧ ಕೊಟ್ಟದ್ದು ತಪ್ಪು ಎಂದು 1986ರ ಜೂನ್‌ನಲ್ಲಿ ಅದು ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ಪಾಲಿಸದಿದ್ದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಬೇಕು, ನಿಯಮ ಹಾಗಿದೆ. ನಿಕರಾಗುವಾ ಹೋಯಿತು. ಅಲ್ಲಿ ಅಮೆರಿಕವೇ ವೀಟೊ ಹಾಕಿತು. ಕಥೆ ಮುಗಿಯಿತು. 2022ರ ಮಾರ್ಚ್ 16ರಂದು ಅದೇ ನ್ಯಾಯಾಲಯ 13-2 ಮತಗಳಿಂದ ಯುಕ್ರೇನ್‌ನಲ್ಲಿ ಸೇನಾ ಕಾರ್ಯಾಚರಣೆ ನಿಲ್ಲಿಸು ಎಂದು ರಷ್ಯಾಕ್ಕೆ ಆದೇಶಿಸಿತು. ರಷ್ಯಾ ನಿಲ್ಲಿಸಲಿಲ್ಲ. ಭದ್ರತಾ ಮಂಡಳಿಯಲ್ಲಿ ರಷ್ಯಾಕ್ಕೂ ವೀಟೊ ಇದೆ. ಈ ವಿಷಯದಲ್ಲಿ ನಿಮ್ಮ ಹತ್ತಿರ ವಾದ ಮಾಡಲು ನನಗೆ ಏನೂ ಇಲ್ಲ.

ಆದರೆ ವಾರಂಟ್ ಬೇರೆ. ವಾರಂಟ್ ಹೊರಡಿಸುವುದು ಅದೇ ಊರಿನ ಇನ್ನೊಂದು ಕೋರ್ಟು, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ, ನಿಮ್ಮ ಪತ್ರದಲ್ಲೂ ಒಂದು ಕಡೆ ಹಾಗಾಗಿದೆ. ಇದು 2002ರ ಜುಲೈ 1ರಿಂದ ನಡೆಯುತ್ತಿದೆ. ವಿಚಾರಣೆ ಮಾಡುವುದು ದೇಶಗಳನ್ನಲ್ಲ, ಮನುಷ್ಯರನ್ನು. 120ಕ್ಕೂ ಹೆಚ್ಚು ದೇಶಗಳು ಸದಸ್ಯರು. ಅಮೆರಿಕ, ರಷ್ಯಾ, ಚೀನಾ, ಭಾರತ, ಇಸ್ರೇಲ್ ಇಲ್ಲ. ಅದಕ್ಕೆ ಸ್ವಂತ ಪೊಲೀಸರಿಲ್ಲ, ಒಬ್ಬ ಕಾನ್‌ಸ್ಟೇಬಲ್ ಕೂಡ ಇಲ್ಲ. ಬಂಧಿಸಿ ಒಪ್ಪಿಸುವುದು ಸದಸ್ಯ ದೇಶಗಳ ಕೆಲಸ.

ಅವು ಮಾಡುತ್ತವೆಯೇ? ಸುಡಾನ್‌ನ ಅಧ್ಯಕ್ಷ ಒಮರ್ ಅಲ್-ಬಶೀರ್ ಮೇಲೆ ಆ ದೇಶದ ದಾರ್ಫುರ್ ಪ್ರಾಂತ್ಯದಲ್ಲಿ ನಡೆದ ಹತ್ಯೆಗಳ ವಿಷಯದಲ್ಲಿ 2009ರಲ್ಲಿ ವಾರಂಟ್ ಹೊರಟಿತ್ತು. 2015ರ ಜೂನ್‌ನಲ್ಲಿ ಆಫ್ರಿಕಾ ಒಕ್ಕೂಟದ ಸಭೆಗೆ ಅವರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ ಬಂದರು. ದಕ್ಷಿಣ ಆಫ್ರಿಕಾ ಸದಸ್ಯ ದೇಶ. ಒಂದು ಸ್ವಯಂಸೇವಾ ಸಂಸ್ಥೆ ಭಾನುವಾರವೇ ಪ್ರಿಟೋರಿಯಾದ ಹೈಕೋರ್ಟಿಗೆ ಹೋಯಿತು. ಅರ್ಜಿ ಇತ್ಯರ್ಥ ಆಗುವ ತನಕ ಬಶೀರ್ ದೇಶ ಬಿಡಕೂಡದು ಎಂದು ಕೋರ್ಟ್ ಹೇಳಿತು. ಸೋಮವಾರ ಒಳಗೆ ವಾದ ನಡೆಯುತ್ತಿತ್ತು. ಹೊರಗೆ ವಾಟರ್‌ಕ್ಲೂಫ್ ಸೇನಾ ವಿಮಾನ ನಿಲ್ದಾಣದಿಂದ ಬಶೀರ್ ಅವರ ವಿಮಾನ ಎದ್ದಿತ್ತು. ಬಂಧಿಸಿ ಎಂದು ನ್ಯಾಯಾಧೀಶರು ಆದೇಶ ಓದುವಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು. ನಿಮ್ಮ ಸರ್ವೀಸಿನಲ್ಲೂ ಮೇಲಿನಿಂದ ಬಂದ ಒಂದು ಫೋನಿಗೆ ಹೀಗೆ ಹಾರಿಹೋದವರು ಇದ್ದಿರಬಹುದು. ನಾನು ಕೇಳುವುದಿಲ್ಲ ಬಿಡಿ.

ಈ ಕಥೆಗೆ ಬಾಲ ಇದೆ. ಆ ದೇಶದ ಕೋರ್ಟುಗಳು ತಮ್ಮದೇ ಸರ್ಕಾರ ಕಾನೂನು ಮುರಿದಿದೆ ಎಂದವು. ಎಂಟು ವರ್ಷ ಬಿಟ್ಟು, 2023ರ ಆಗಸ್ಟ್‌ನಲ್ಲಿ, ಅದೇ ಜೋಹಾನ್ಸ್‌ಬರ್ಗ್‌ನಲ್ಲಿ ಬ್ರಿಕ್ಸ್ ಸಭೆ ಇತ್ತು. ಅಷ್ಟರಲ್ಲಿ ಪುಟಿನ್ ಮೇಲೆ ವಾರಂಟ್ ಹೊರಟಿತ್ತು. ಪುಟಿನ್ ಬರಲಿಲ್ಲ, ವಿಡಿಯೊದಲ್ಲಿ ಮಾತಾಡಿದರು. ಒಂದು ವಾರಂಟಿನಿಂದ ಆದದ್ದು ಇಷ್ಟೇ. ಇಷ್ಟಾದರೂ ಆಯಿತು ಅನ್ನೋಣವೇ? ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವರು ಮಂಗೋಲಿಯಾಕ್ಕೆ ಹೋದರು. ಅದೂ ಸದಸ್ಯ ದೇಶ. ಗಾರ್ಡ್ ಆಫ್ ಆನರ್ ಕೊಟ್ಟು ಬರಮಾಡಿಕೊಂಡರು. ಎರಡು ದೊಡ್ಡ ದೇಶಗಳ ನಡುವೆ ಸಿಕ್ಕಿ, ಇಂಧನಕ್ಕೆ ರಷ್ಯಾದ ಮುಖ ನೋಡುವ ದೇಶ ಅದು. ಬೈಯುವುದು ಸುಲಭ.

ಇದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರಿಸುವುದು ಬೇರೆ. ಪುಟಿನ್ ಮೇಲೆ ವಾರಂಟ್ ಬಂದಾಗ ಅದು ಸರಿಯಾಗಿಯೇ ಇದೆ ಎಂದದ್ದು ಅಮೆರಿಕದ ಆಗಿನ ಅಧ್ಯಕ್ಷರು. 2024ರ ನವೆಂಬರ್ 21ರಂದು ಅದೇ ಕೋರ್ಟು ಇಸ್ರೇಲ್‌ನ ಪ್ರಧಾನಿ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿತು. ಕೆಲವೇ ತಿಂಗಳಲ್ಲಿ ಅಮೆರಿಕ ಆ ಕೋರ್ಟಿನ ಪ್ರಾಸಿಕ್ಯೂಟರ್ ಮೇಲೇ ನಿರ್ಬಂಧ ಹೇರಿತು. ಹಂಗೇರಿ 2025ರ ಏಪ್ರಿಲ್‌ನಲ್ಲಿ ನೆತನ್ಯಾಹು ಅವರನ್ನು ಕರೆದು ಸತ್ಕರಿಸಿತು, ಕೋರ್ಟಿನ ಸದಸ್ಯತ್ವ ಬಿಡುತ್ತೇವೆ ಎಂದೂ ಸಾರಿತು. ಅಂದಹಾಗೆ, ಅಮೆರಿಕದಲ್ಲಿ 2002ರಿಂದಲೇ ಒಂದು ಕಾನೂನಿದೆ. ಈ ಕೋರ್ಟು ತಮ್ಮವರನ್ನು ಹಿಡಿದಿಟ್ಟರೆ ಬಿಡಿಸಿ ತರಲು ಅಗತ್ಯವಾದ ಯಾವ ದಾರಿಯನ್ನಾದರೂ ಹಿಡಿಯುವ ಅಧಿಕಾರ ಅಧ್ಯಕ್ಷರಿಗೆ ಇದೆ. ಅದಕ್ಕೆ ಜನ ಇಟ್ಟ ಅಡ್ಡಹೆಸರು "ಹೇಗ್ ದಾಳಿ ಕಾಯ್ದೆ". ಎದುರಾಳಿಗೆ ವಾರಂಟ್ ಬಂದರೆ ನ್ಯಾಯ, ನಂಟನಿಗೆ ಬಂದರೆ ರಾಜಕೀಯ.

ಇದು ಹೊಸದೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ನಡೆದ ವಿಚಾರಣೆಯಲ್ಲಿ ಜರ್ಮನಿಯ ಅಡ್ಮಿರಲ್ ಡೋನಿಟ್ಜ್ ಮೇಲೆ, ಎಚ್ಚರಿಕೆ ಕೊಡದೆ ಹಡಗುಗಳನ್ನು ಮುಳುಗಿಸಿದ ಆರೋಪ ಇತ್ತು. ಅವನ ವಕೀಲ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಅವರಿಗೆ ಪ್ರಶ್ನೆ ಕಳಿಸಿದ. ಪೆಸಿಫಿಕ್‌ನಲ್ಲಿ ನಾವೂ ಮೊದಲ ದಿನದಿಂದ ಹಾಗೇ ಮಾಡಿದೆವು ಎಂದು ನಿಮಿಟ್ಜ್ ಉತ್ತರ ಬರೆದರು. ಆ ಆರೋಪದ ಲೆಕ್ಕದಲ್ಲಿ ಶಿಕ್ಷೆ ಕೊಡುವುದಿಲ್ಲ ಎಂದು ತೀರ್ಪಿನಲ್ಲೇ ಬರೆಯಬೇಕಾಯಿತು. ಬೇರೆ ಆರೋಪಗಳಿಗೆ ಹತ್ತು ವರ್ಷ ಸಿಕ್ಕಿತು, ಅದು ಬೇರೆ ಮಾತು. ಎದುರಾಳಿಯಾಗಿದ್ದವನು ನಿಜ ಹೇಳಿದ್ದು ನನಗೆ ಇವತ್ತಿಗೂ ಆಶ್ಚರ್ಯ.

ಇಷ್ಟೆಲ್ಲ ಒಪ್ಪಿದ ಮೇಲೂ ನಿಮ್ಮ "ಮೋಸ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಹೇಳಲು ನಿಮ್ಮನ್ನು ಬೋಸ್ನಿಯಾಕ್ಕೆ ಕರೆದೊಯ್ಯಬೇಕು.

1995ರ ಜುಲೈ. ಸ್ರೆಬ್ರೆನಿಟ್ಸಾದಲ್ಲಿ ಬೋಸ್ನಿಯಾದ ಸರ್ಬ್ ಸೇನೆ ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಕೊಂದು ದೊಡ್ಡ ಗುಂಡಿಗಳಲ್ಲಿ ಹೂತಿತು. ಆಮೇಲೆ ಹೆದರಿಕೆ ಹುಟ್ಟಿತು. ಆ ವರ್ಷದ ಶರತ್ಕಾಲದಲ್ಲಿ ಯಂತ್ರಗಳನ್ನು ತಂದು ಹೆಣಗಳನ್ನು ಅಗೆದು, ಲಾರಿಗಳಲ್ಲಿ ತುಂಬಿ, ದೂರದ ಹಳ್ಳಿಗಾಡಿನ ಹೊಸ ಗುಂಡಿಗಳಿಗೆ ಸಾಗಿಸಿದರು. ಯಂತ್ರದ ಬಾಯಿಗೆ ಸಿಕ್ಕಿ ದೇಹಗಳು ತುಂಡಾದವು. ಒಬ್ಬನೇ ಮನುಷ್ಯನ ಮೂಳೆ ಎರಡು ಮೂರು ಗುಂಡಿಗಳಲ್ಲಿ ಸಿಕ್ಕಿದ್ದಿದೆ.

ಈಗ ತನಿಖೆಯವರು ಮಾಡಿದ ಕೆಲಸ ನೋಡಿ, ನಿಮಗೆ ಇಷ್ಟವಾಗುತ್ತದೆ. ನೆಲ ಕೆದಕಿದ್ದು ಯಾವಾಗ ಎಂದು ಆಕಾಶದಿಂದ ತೆಗೆದ ಫೋಟೊಗಳಲ್ಲಿ ನೋಡಿದರು. ಮೊದಲ ಗುಂಡಿಯ ಮಣ್ಣನ್ನು ಎರಡನೆಯದರ ಮಣ್ಣಿನ ಜೊತೆ ತಾಳೆ ಹಾಕಿದರು. ತೋಟಾಗಳನ್ನು, ಕಣ್ಣಿಗೆ ಕಟ್ಟಿದ್ದ ಬಟ್ಟೆಯನ್ನು, ಕೈ ಕಟ್ಟಿದ್ದ ದಾರವನ್ನು ತಾಳೆ ಹಾಕಿದರು. ಕೊಜ್ಲುಕ್ ಅನ್ನುವ ಜಾಗದಲ್ಲಿ ಬಾಟ್ಲಿ ತುಂಬುವ ಕಾರ್ಖಾನೆ ಒಡೆದ ಗಾಜನ್ನು ಸುರಿಯುತ್ತಿದ್ದ ನೆಲದಲ್ಲೇ ಹೂತಿದ್ದರು. ದೂರದ ಇನ್ನೊಂದು ಗುಂಡಿ ತೆರೆದಾಗ ಹೆಣಗಳ ನಡುವೆ ಅದೇ ಹಸಿರು ಗಾಜಿನ ಚೂರು! ಅಲ್ಲಿಂದ ಇಲ್ಲಿಗೆ ತಂದದ್ದು ಎಂದು ಹೇಳಲು ಇನ್ನೇನು ಬೇಕು? ಬದುಕುಳಿದ ತಾಯಂದಿರ, ಅಕ್ಕತಂಗಿಯರ ರಕ್ತ ತೆಗೆದು ಡಿಎನ್‌ಎ ಹೋಲಿಸಿ, 7,000ದ ಹತ್ತಿರ ಜನರಿಗೆ ಹೆಸರು ವಾಪಸ್ ಕೊಟ್ಟರು. ಇದು ಮಹಜರು, ಸರ್. ಈ ಮಹಜರು ಶುರುವಾದಾಗ ಮುಖ್ಯ ಆರೋಪಿಗಳು ಇನ್ನೂ ಸಿಕ್ಕಿರಲಿಲ್ಲ. ಸಿಗುತ್ತಾರೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಿಕ್ಕರು. ಬೋಸ್ನಿಯಾ ಸರ್ಬರ ನಾಯಕ ರಾಡೊವಾನ್ ಕರಾಜಿಚ್ 2008ರ ಜುಲೈನಲ್ಲಿ ಬೆಲ್‌ಗ್ರೇಡ್‌ನಲ್ಲಿ ಸಿಕ್ಕ. ಉದ್ದ ಬಿಳಿ ಗಡ್ಡ, ನೆತ್ತಿಯ ಮೇಲೆ ಕೂದಲಿನ ಗಂಟು, ದಪ್ಪ ಕನ್ನಡಕ, ಬೇರೆ ಹೆಸರು. ಪರ್ಯಾಯ ಚಿಕಿತ್ಸೆಯ ಪಂಡಿತ ಎಂದು ಹೇಳಿಕೊಂಡು ಉಪನ್ಯಾಸ ಕೊಡುತ್ತಿದ್ದ, ಒಂದು ಆರೋಗ್ಯ ಪತ್ರಿಕೆಗೆ ಲೇಖನವನ್ನೂ ಬರೆಯುತ್ತಿದ್ದ. (ಅದನ್ನು ಓದಿದಾಗಿನಿಂದ ಹೊಸ ಬರಹಗಾರರ ಲೇಖನ ಬಂದರೆ ನಾನು ಫೋಟೊವನ್ನು ಎರಡು ಸಲ ನೋಡುತ್ತೇನೆ.) ಸೇನಾಧಿಕಾರಿ ಮ್ಲಾಡಿಚ್ 2011ರ ಮೇನಲ್ಲಿ ಸಿಕ್ಕ. ಇಬ್ಬರಿಗೂ ಕೊನೆಗೆ ಜೀವಾವಧಿ ಆಯಿತು. ಆ ಯುದ್ಧಗಳ ಅಪರಾಧಗಳಿಗೆಂದೇ ವಿಶ್ವಸಂಸ್ಥೆ ಹೇಗ್‌ನಲ್ಲಿ ಕೂರಿಸಿದ್ದ ಯುಗೋಸ್ಲಾವಿಯಾ ನ್ಯಾಯಮಂಡಳಿ ಒಟ್ಟು 161 ಮಂದಿಯ ಮೇಲೆ ಆರೋಪ ಹೊರಿಸಿತ್ತು. ಕೊನೆಗೆ ತಲೆಮರೆಸಿಕೊಂಡು ಉಳಿದವನು ಒಬ್ಬನೂ ಇಲ್ಲ. ಯಾವ ಠಾಣೆಗೆ ಇಂಥ ದಾಖಲೆ ಇದೆ?

ಅವರನ್ನು ಒಳ್ಳೆಯ ಮನಸ್ಸಿನಿಂದ ಒಪ್ಪಿಸಿದರು ಎಂದು ನಾನು ಹೇಳುತ್ತಿಲ್ಲ. 2001ರ ಜೂನ್ 28ರಂದು ಯುಗೋಸ್ಲಾವಿಯಾದ ಮಾಜಿ ಅಧ್ಯಕ್ಷ ಮಿಲೊಸೆವಿಚ್‌ನನ್ನು ಹೇಗ್‌ಗೆ ಕಳಿಸಿದರು. ಮರುದಿನವೇ ಬ್ರಸೆಲ್ಸ್‌ನಲ್ಲಿ ನೆರವು ಕೊಡುವ ದೇಶಗಳ ಸಭೆ ಇತ್ತು. ಸರ್ಬಿಯಾಕ್ಕೆ ಯುರೋಪ್ ಒಕ್ಕೂಟದ ಬಾಗಿಲು ತೆರೆಯಬೇಕಾದರೆ ಮ್ಲಾಡಿಚ್ ಸಿಗಬೇಕು ಎಂದು ಪಟ್ಟು ಹಿಡಿದು ಕೂತದ್ದು ನೆದರ್ಲೆಂಡ್ಸ್. ಲಾಠಿ ಅಂದರೆ ಮರದ್ದೇ ಆಗಬೇಕೆಂದಿಲ್ಲ, ಸರ್. ಸಾಲ, ನೆರವು, ವ್ಯಾಪಾರ, ವೀಸಾ ಎಲ್ಲವೂ ಲಾಠಿಯೇ. ಬೀಸುವ ಮನಸ್ಸು ಇರಬೇಕು, ಎದುರಿನ ದೇಶಕ್ಕೆ ಹಸಿವಿರಬೇಕು. ವೀಟೊ ಇರುವ ದೇಶಕ್ಕೆ ಆ ಹಸಿವು ಇಲ್ಲ. ದೊಡ್ಡವರು ಯಾಕೆ ಸಿಗುವುದಿಲ್ಲ ಎಂದರೆ ನನಗೆ ಗೊತ್ತಿರುವ ಉತ್ತರ ಇದು.

ಕೆಲವು ಸಲ ಲಾಠಿ ಬೇರೆ ದೇಶದ ಮಾಮೂಲಿ ಕೋರ್ಟಿನಲ್ಲಿ ಇರುತ್ತದೆ. ಸಿರಿಯಾದ ಬೇಹುಗಾರಿಕೆ ಇಲಾಖೆಯಲ್ಲಿ ಕರ್ನಲ್ ಆಗಿದ್ದ ಅನ್ವರ್ ರಸ್ಲಾನ್ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ. ಅವನ ಕೈಕೆಳಗೆ ಹಿಂಸೆ ತಿಂದವರೂ ನಿರಾಶ್ರಿತರಾಗಿ ಅದೇ ದೇಶಕ್ಕೆ ಬಂದಿದ್ದರು. ಕೊಬ್ಲೆಂಜ್ ನಗರದ ಕೋರ್ಟಿನಲ್ಲಿ ಅವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು. 2022ರ ಜನವರಿಯಲ್ಲಿ ಅವನಿಗೆ ಜೀವಾವಧಿ. ಆಗ ಸಿರಿಯಾದಲ್ಲಿ ಅಸಾದ್ ಇನ್ನೂ ಗದ್ದುಗೆ ಮೇಲಿದ್ದರು.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ರುವಾಂಡಾದ ನರಮೇಧಕ್ಕೆ ಹಣ ಒದಗಿಸಿದ ಆರೋಪ ಹೊತ್ತಿದ್ದ ಫೆಲಿಸಿಯನ್ ಕಬುಗಾ 2020ರಲ್ಲಿ ಪ್ಯಾರಿಸ್ ಪಕ್ಕದಲ್ಲಿ ಸಿಕ್ಕ. ನರಮೇಧ ನಡೆದು 26 ವರ್ಷ ಆಗಿತ್ತು. ವಿಚಾರಣೆ ಶುರುವಾಯಿತು. ಮುದುಕನಿಗೆ ಮರೆವಿನ ಕಾಯಿಲೆ, ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇಲ್ಲ ಎಂದು 2023ರಲ್ಲಿ ಅದನ್ನು ನಿಲ್ಲಿಸಿದರು. ಸಾಕ್ಷಿ ಹೇಳಲು ದೂರದಿಂದ ಬಂದವರಿಗೆ ಏನನಿಸಿರಬೇಕು?

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಆ ವಾರಂಟಿಗೆ ಅವಧಿ ಇಲ್ಲ. ಈ ಅಪರಾಧಗಳಿಗೆ ಕಾಲಮಿತಿ ಇಲ್ಲ ಎಂದು ಕೋರ್ಟಿನ ಕಾನೂನಿನ 29ನೇ ಕಲಮಿನಲ್ಲೇ ಇದೆ. ಕೋರ್ಟು ತಾನೇ ವಾಪಸ್ ಪಡೆಯಬೇಕು, ಇಲ್ಲವೇ ಆರೋಪಿ ಸಾಯಬೇಕು. ಜೋಹಾನ್ಸ್‌ಬರ್ಗ್‌ನಿಂದ ಹಾರಿಹೋದ ಬಶೀರ್ ಅವರನ್ನು 2019ರಲ್ಲಿ ಅವರದೇ ಸೇನೆ ಇಳಿಸಿ ಬಂಧನದಲ್ಲಿಟ್ಟಿತು. ಹೇಗ್‌ಗೆ ಇನ್ನೂ ಕಳಿಸಿಲ್ಲ. 2009ರ ವಾರಂಟ್ ರದ್ದಾಗಿಲ್ಲ.

"ಯುದ್ಧಾಪರಾಧ" ಎಂದು ಬರೆದ ಆ ಎರಡು ವಾಕ್ಯಗಳ ತಿದ್ದುಪಡಿ ಈ ಸಂಚಿಕೆಯ ಎರಡನೇ ಪುಟದಲ್ಲಿದೆ, ನೋಡಿ. ಎಣಿಕೆಯ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಒಂಬತ್ತೇ.

- ಸಂಪಾದಕ